ಎದುರುಗಾಳಿಯಲ್ಲಿ ಸೈಕಲ್ ಸವಾರಿ: ದೇಹತೂಕ ಹೆಚ್ಚಿರುವ ಸವಾರರಿಗೆ ಮಾಹಿತಿ

(ಕಡೂರು, ತರೀಕೆರೆ ಮತ್ತು ಅಜ್ಜಂಪುರ ತಾಲ್ಲೂಕುಗಳ ಸಾರ್ವಜನಿಕರ ಅವಗಾಹನೆಗಾಗಿ)

1. ಪೀಠಿಕೆ

ಚಿಕ್ಕಮಗಳೂರು ಜಿಲ್ಲೆಯ ಬಯಲುಸೀಮೆಯ ಭಾಗವಾದ ಕಡೂರು, ತರೀಕೆರೆ ಮತ್ತು ಅಜ್ಜಂಪುರ ತಾಲ್ಲೂಕುಗಳಲ್ಲಿ ಸೈಕಲ್ಲು ಇಂದಿಗೂ ಅನೇಕ ಕುಟುಂಬಗಳ ದಿನಬಳಕೆಯ ವಾಹನವಾಗಿದೆ. ತೋಟಕ್ಕೆ, ಹಾಲಿನ ಡೈರಿಗೆ, ನ್ಯಾಯಬೆಲೆ ಅಂಗಡಿಗೆ, ನಾಡಕಚೇರಿಗೆ ಹಾಗೂ ತಾಲ್ಲೂಕು ಕಚೇರಿಗೆ ಸೈಕಲ್ಲಿನಲ್ಲಿಯೇ ಬರುವ ಅರ್ಜಿದಾರರಿದ್ದಾರೆ. ಜೂನ್ ತಿಂಗಳಿನಿಂದ ಸೆಪ್ಟೆಂಬರ್‌ವರೆಗೆ ಈ ಪ್ರದೇಶದಲ್ಲಿ ಬಲವಾದ ಗಾಳಿ ಬೀಸುತ್ತದೆ. ಆಷಾಢ ಮಾಸದಲ್ಲಿ ಇದರ ಬಿರುಸು ಹೆಚ್ಚಿರುವುದರಿಂದ ಜನರು ಇದನ್ನು ರೂಢಿಯಲ್ಲಿ ಆಷಾಢದ ಗಾಳಿ ಎಂದೇ ಕರೆಯುತ್ತಾರೆ.

ಈ ದಿನಗಳಲ್ಲಿ ದೇಹತೂಕ ಹೆಚ್ಚಿರುವ ಸವಾರರು ಸಾಮಾನ್ಯವಾಗಿ ಎರಡು ರೀತಿಯಲ್ಲಿ ತೊಂದರೆಗೆ ಒಳಗಾಗುತ್ತಾರೆ. ಕೆಲವರು ತಮ್ಮ ತೂಕವೇ ಕಷ್ಟಕ್ಕೆ ಕಾರಣವೆಂದು ಭಾವಿಸಿ ಸೈಕಲ್ಲನ್ನು ಮೂಲೆಗಿಡುತ್ತಾರೆ. ಇನ್ನು ಕೆಲವರು ಎಂದಿನ ವೇಗದಲ್ಲಿಯೇ ಹೋಗಬೇಕೆಂದು ಹಟದಿಂದ ತುಳಿದು ಎದೆಗೆ, ಮೊಣಕಾಲಿಗೆ ಅಪಾಯ ತಂದುಕೊಳ್ಳುತ್ತಾರೆ. ಎರಡೂ ಅನಗತ್ಯ. ಗಾಳಿಯು ಸವಾರನ ತೂಕಕ್ಕಿಂತ ಹೆಚ್ಚಾಗಿ ಅವನ ವೇಗವನ್ನೂ ಮೈಯ ಹರವನ್ನೂ ಅವಲಂಬಿಸಿ ತಡೆಯೊಡ್ಡುತ್ತದೆ. ಈ ಎರಡನ್ನು ತಗ್ಗಿಸಿಕೊಂಡಲ್ಲಿ ದಪ್ಪ ಶರೀರದವರೂ ಎದುರುಗಾಳಿಯಲ್ಲಿ ಸುರಕ್ಷಿತವಾಗಿ ಊರು ಸೇರಬಹುದು. ಅದರ ವಿವರಗಳನ್ನು ಈ ಕೆಳಗೆ ನೀಡಲಾಗಿದೆ.

2. ಈ ಪ್ರದೇಶದಲ್ಲಿ ಗಾಳಿ ಹೆಚ್ಚಿರಲು ಕಾರಣ

ನೈಋತ್ಯ ಮುಂಗಾರು ಮಾರುತಗಳು ಅರಬ್ಬೀ ಸಮುದ್ರದಿಂದ ಹೊರಟು ಪಶ್ಚಿಮಘಟ್ಟಗಳನ್ನು ಏರುವಾಗ ತಮ್ಮ ತೇವಾಂಶದ ಬಹುಪಾಲನ್ನು ಮಲೆನಾಡಿನಲ್ಲಿ ಮಳೆಯಾಗಿ ಸುರಿಸುತ್ತವೆ. ರಾಜ್ಯದ ಅತಿ ಎತ್ತರದ ಶಿಖರವಾದ ಮುಳ್ಳಯ್ಯನಗಿರಿಯನ್ನು ಒಳಗೊಂಡ ಬಾಬಾಬುಡನ್ ಗಿರಿಶ್ರೇಣಿಯು ಈ ತಾಲ್ಲೂಕುಗಳ ಪಶ್ಚಿಮ ಮತ್ತು ನೈಋತ್ಯಕ್ಕೆ ಗೋಡೆಯಂತೆ ನಿಂತಿದೆ. ಶ್ರೇಣಿಯನ್ನು ದಾಟಿ ಬರುವ ಮಾರುತದಲ್ಲಿ ಮಳೆ ಕಡಿಮೆ, ಆದರೆ ಗಾಳಿಯ ವೇಗ ಉಳಿದಿರುತ್ತದೆ. ಆದ್ದರಿಂದಲೇ ಕಡೂರು ಮಳೆನೆರಳಿನ ತಾಲ್ಲೂಕಾಗಿದೆ. ಮೋಡ ಕವಿದಿರುತ್ತದೆ, ಗಾಳಿ ಬೀಸುತ್ತದೆ, ಹನಿ ಮಾತ್ರ ಬೀಳುವುದಿಲ್ಲ ಎಂಬುದು ಇಲ್ಲಿನ ರೈತರ ಹಳೆಯ ಅನುಭವ.

ಬೆಟ್ಟದ ಬುಡದಿಂದ ಪೂರ್ವಕ್ಕೆ ನೆಲವು ಬಹುಮಟ್ಟಿಗೆ ಬಯಲು. ರಾಗಿ ಮತ್ತು ಈರುಳ್ಳಿ ಹೊಲಗಳಲ್ಲಿ ಗಾಳಿಗೆ ಅಡ್ಡಿಯಾಗುವಂಥದ್ದು ಏನೂ ಇರುವುದಿಲ್ಲ. ಅಜ್ಜಂಪುರಕ್ಕೆ ಹೊಂದಿಕೊಂಡಿರುವ ಚಿತ್ರದುರ್ಗ ಜಿಲ್ಲೆಯ ಹೊಸದುರ್ಗ ತಾಲ್ಲೂಕಿನ ಗುಡ್ಡಗಳ ಮೇಲೆ ವಿದ್ಯುತ್ ಉತ್ಪಾದನೆಗಾಗಿ ಗಾಳಿಯಂತ್ರಗಳನ್ನು ಸ್ಥಾಪಿಸಿರುವುದು ಈ ಸೀಮೆಯ ಗಾಳಿಯ ಬಲಕ್ಕೆ ಸಾಕ್ಷಿಯಾಗಿದೆ. ತರೀಕೆರೆಯ ಅಡಿಕೆ ತೋಟಗಳು ಮತ್ತು ಕಡೂರಿನ ತೆಂಗಿನ ತೋಟಗಳ ಮಗ್ಗುಲಲ್ಲಿ ಹಾದುಹೋಗುವ ರಸ್ತೆಗಳಲ್ಲಿ ಮಾತ್ರ ಗಾಳಿಯ ಹೊಡೆತ ಗಮನಾರ್ಹವಾಗಿ ತಗ್ಗುತ್ತದೆ.

3. ಯಾವ ರಸ್ತೆಯಲ್ಲಿ, ಯಾವಾಗ ಎದುರುಗಾಳಿ

ಮುಂಗಾರಿನಲ್ಲಿ ಗಾಳಿಯು ಪಶ್ಚಿಮ ಮತ್ತು ನೈಋತ್ಯ ದಿಕ್ಕುಗಳಿಂದ ಬೀಸುತ್ತದೆ. ಇದರಿಂದ ಈ ಕೆಳಕಂಡ ಪ್ರಯಾಣಗಳಲ್ಲಿ ಎದುರುಗಾಳಿ ಇರುತ್ತದೆ:

(ಅ) ಅಜ್ಜಂಪುರದಿಂದ ತರೀಕೆರೆಗೆ: ತರೀಕೆರೆಯು ಅಜ್ಜಂಪುರಕ್ಕೆ ಬಹುತೇಕ ನೇರ ಪಶ್ಚಿಮದಲ್ಲಿದೆ. 20 ಕಿಲೋಮೀಟರಿಗೂ ಮಿಕ್ಕಿದ ಈ ದಾರಿಯಲ್ಲಿ ಪಡುವಣ ಗಾಳಿ ನೇರವಾಗಿ ಎದೆಗೆ ಬಡಿಯುತ್ತದೆ.

(ಆ) ಯಗಟಿ, ಪಂಚನಹಳ್ಳಿ ಮುಂತಾದ ಪೂರ್ವ ಭಾಗದ ಹೋಬಳಿಗಳಿಂದ ಕಡೂರಿಗೆ ಬರುವಾಗ.

(ಇ) ಕಡೂರಿನಿಂದ ಸಖರಾಯಪಟ್ಟಣದ ಮೂಲಕ ಚಿಕ್ಕಮಗಳೂರಿಗೆ: ಸುಮಾರು 40 ಕಿಲೋಮೀಟರಿನ ಈ ದಾರಿಯು ನೈಋತ್ಯಕ್ಕೆ ಸಾಗುತ್ತದೆ. ಚಿಕ್ಕಮಗಳೂರು ಕಡೂರಿಗಿಂತ ಸುಮಾರು 300 ಮೀಟರ್ ಎತ್ತರದಲ್ಲಿದೆ. ಆದ್ದರಿಂದ ಇಲ್ಲಿ ಗಾಳಿಯೊಡನೆ ಏರನ್ನೂ ಎದುರಿಸಬೇಕಾಗುತ್ತದೆ.

(ಈ) ತರೀಕೆರೆಯಿಂದ ಲಕ್ಕವಳ್ಳಿಯ ಕಡೆಗೆ ಹಿಂದಿರುಗುವಾಗ.

ನವೆಂಬರಿನಿಂದ ಫೆಬ್ರುವರಿಯವರೆಗೆ ಪರಿಸ್ಥಿತಿ ಬದಲಾಗುತ್ತದೆ. ಆಗ ಮೂಡಣ ಮತ್ತು ಈಶಾನ್ಯ ದಿಕ್ಕಿನ ಗಾಳಿ ಬೀಸುವುದರಿಂದ ತರೀಕೆರೆಯಿಂದ ಅಜ್ಜಂಪುರಕ್ಕೆ ಬರುವವರು ಎದುರುಗಾಳಿಯನ್ನು ಕಾಣುತ್ತಾರೆ. ಈ ಗಾಳಿ ಸಾಮಾನ್ಯವಾಗಿ ಮುಂಗಾರಿನ ಗಾಳಿಯಷ್ಟು ಬಿರುಸಾಗಿರುವುದಿಲ್ಲ.

ದಿನದ ವೇಳೆಯೂ ಮುಖ್ಯ. ರಾತ್ರಿ ತಣಿದ ನೆಲದ ಮೇಲೆ ಬೆಳಗಿನ ಜಾವ ಗಾಳಿ ಮಂದವಾಗಿರುತ್ತದೆ. ಬಿಸಿಲೇರಿ ನೆಲ ಕಾದಂತೆ ಮೇಲಿನ ವೇಗದ ಗಾಳಿಯು ಕೆಳಗಿನ ಗಾಳಿಯೊಡನೆ ಬೆರೆತು, ಮಧ್ಯಾಹ್ನದಿಂದ ಸಂಜೆಯವರೆಗೆ ಬಿರುಸು ಹೆಚ್ಚುತ್ತದೆ. ಈ ಕಾರಣದಿಂದ ಅಜ್ಜಂಪುರದವರು ಮುಂಜಾನೆ ತರೀಕೆರೆಗೆ ಹೊರಟು ಮಧ್ಯಾಹ್ನದ ನಂತರ ಹಿಂದಿರುಗಿದಲ್ಲಿ, ಮಂದವಾದ ಗಾಳಿ ಎದುರಿಗೂ ಬಲವಾದ ಗಾಳಿ ಬೆನ್ನಿಗೂ ದೊರೆಯುತ್ತದೆ. ಇದಕ್ಕೆ ವಿರುದ್ಧವಾಗಿ, ಕಡೂರಿನಿಂದ ಬೆಳಿಗ್ಗೆ ಪೂರ್ವಕ್ಕೆ ಹೋಗಿ ಮಧ್ಯಾಹ್ನ ಹಿಂದಿರುಗುವವರಿಗೆ ದಣಿದ ಹೊತ್ತಿನಲ್ಲಿಯೇ ಅತಿ ಬಲವಾದ ಎದುರುಗಾಳಿ ಒದಗುತ್ತದೆ. ಅಂತಹವರು ಹಿಂದಿರುಗುವ ಪ್ರಯಾಣಕ್ಕೆ ಹೆಚ್ಚಿನ ಸಮಯ ಮೀಸಲಿಡತಕ್ಕದ್ದು. ಸಾಧ್ಯವಿದ್ದಲ್ಲಿ ಸಂಜೆ ಗಾಳಿ ಇಳಿದ ಮೇಲೆ, ಕತ್ತಲಾಗುವುದಕ್ಕೆ ಮೊದಲು ಹೊರಡುವುದು ಸೂಕ್ತ.

4. ದೇಹತೂಕಕ್ಕೂ ಗಾಳಿಯ ತಡೆಗೂ ಇರುವ ಸಂಬಂಧ

ಸೈಕಲ್ ತುಳಿಯುವವನ ಶ್ರಮವು ಮುಖ್ಯವಾಗಿ ಮೂರು ಬಾಬತ್ತುಗಳಿಗೆ ವ್ಯಯವಾಗುತ್ತದೆ. ಮೊದಲನೆಯದು ಚಕ್ರಗಳು ನೆಲದ ಮೇಲೆ ಉರುಳುವಾಗಿನ ತಡೆ. ಎರಡನೆಯದು ಏರಿನಲ್ಲಿ ತೂಕವನ್ನು ಮೇಲಕ್ಕೆ ಎತ್ತುವುದು. ಮೂರನೆಯದು ಗಾಳಿಯನ್ನು ಸೀಳಿಕೊಂಡು ಹೋಗುವುದು. ಮೊದಲಿನ ಎರಡೂ ತೂಕಕ್ಕೆ ಅನುಗುಣವಾಗಿ ಹೆಚ್ಚುತ್ತವೆ. ಮೂರನೆಯದಕ್ಕೆ ತೂಕದ ಲೆಕ್ಕವೇ ಇಲ್ಲ. ಗಾಳಿಗೆ ಎದುರಾಗಿ ನಿಲ್ಲುವ ಮೈಯ ಹರವು ಎಷ್ಟು, ಗಾಳಿಯು ಮೈಗೆ ಬಡಿಯುವ ವೇಗ ಎಷ್ಟು ಎಂಬುದರ ಮೇಲೆ ಅದು ನಿಂತಿದೆ.

ಉದಾಹರಣೆಗೆ, 60 ಕಿಲೋ ತೂಕದ ಒಬ್ಬರು ಮತ್ತು 95 ಕಿಲೋ ತೂಕದ ಒಬ್ಬರು 22 ಕಿಲೋ ತೂಕದ ಸಾಮಾನ್ಯ ಸೈಕಲ್ಲಿನಲ್ಲಿ ಹೋಗುತ್ತಿದ್ದಾರೆಂದು ಇಟ್ಟುಕೊಳ್ಳೋಣ. ಏರಿನಲ್ಲಿ ಎರಡನೆಯವರು ಸೈಕಲ್ಲೂ ಸೇರಿದಂತೆ ಶೇಕಡ 40ಕ್ಕೂ ಹೆಚ್ಚು ಭಾರವನ್ನು ಮೇಲೆತ್ತಬೇಕು. ಆದರೆ ಸಮತಟ್ಟಾದ ರಸ್ತೆಯಲ್ಲಿ ಬಲವಾದ ಎದುರುಗಾಳಿಯಿದ್ದಾಗ ಇಬ್ಬರ ಶ್ರಮದ ಅಂತರವು ಸುಮಾರು ಐದನೇ ಒಂದು ಭಾಗದಷ್ಟು ಮಾತ್ರ. ದಪ್ಪಗಿರುವವರ ಮೈ ಸ್ವಲ್ಪ ಅಗಲವಾಗಿರುತ್ತದೆಯೇ ಹೊರತು, ತೂಕ ಹೆಚ್ಚಿದ ಪ್ರಮಾಣದಲ್ಲಿ ಅಗಲವು ಹೆಚ್ಚುವುದಿಲ್ಲ. ಇದಲ್ಲದೆ, ದಿನವೂ ಆ ತೂಕವನ್ನು ಹೊತ್ತು ನಡೆಯುವ ಕಾಲುಗಳಲ್ಲಿ ಅದಕ್ಕೆ ತಕ್ಕ ಬಲವೂ ಇರುತ್ತದೆ. ಆದ್ದರಿಂದ ಭಾರಿ ಶರೀರದವರಿಗೆ ಏರುದಾರಿ ಕಷ್ಟಕರವಾದಷ್ಟು ಎದುರುಗಾಳಿ ಕಷ್ಟಕರವಲ್ಲ.

5. ವೇಗ ತಗ್ಗಿಸುವುದರಿಂದ ಆಗುವ ಪ್ರಯೋಜನ

ಗಾಳಿಯ ತಡೆಯು ವೇಗದ ವರ್ಗದಂತೆ ಹೆಚ್ಚುತ್ತದೆ. ಅಂದರೆ ಮೈಗೆ ಬಡಿಯುವ ಗಾಳಿಯ ವೇಗ ಎರಡು ಪಟ್ಟಾದರೆ ತಡೆಯು ನಾಲ್ಕು ಪಟ್ಟಾಗುತ್ತದೆ. ಸವಾರನು ಗಂಟೆಗೆ 12 ಕಿಲೋಮೀಟರ್ ವೇಗದಲ್ಲಿ ಹೋಗುತ್ತಿದ್ದು, ಎದುರಿನಿಂದ ಗಂಟೆಗೆ 20 ಕಿಲೋಮೀಟರ್ ವೇಗದ ಗಾಳಿ ಬೀಸುತ್ತಿದ್ದರೆ, ಅವನ ಮೈಗೆ ತಾಗುವ ಗಾಳಿಯ ವೇಗ ಗಂಟೆಗೆ 32 ಕಿಲೋಮೀಟರ್.

ಮೇಲೆ ಹೇಳಿದ 95 ಕಿಲೋ ತೂಕದ ಸವಾರನು ನೆಟ್ಟಗೆ ಕುಳಿತು ಸಮತಟ್ಟಾದ ಡಾಂಬರು ರಸ್ತೆಯಲ್ಲಿ ಸಾಗುವಾಗ ಬೇಕಾಗುವ ಶ್ರಮದ ಅಂದಾಜು ಲೆಕ್ಕ ಹೀಗಿದೆ. ಶ್ರಮವನ್ನು ವ್ಯಾಟ್‌ಗಳಲ್ಲಿ ತಿಳಿಸಲಾಗಿದೆ.

ಗಾಳಿ ಇಲ್ಲದಿರುವಾಗ, ಗಂಟೆಗೆ 12 ಕಿ.ಮೀ.: ಸುಮಾರು 45 ವ್ಯಾಟ್
20 ಕಿ.ಮೀ. ವೇಗದ ಎದುರುಗಾಳಿಯಲ್ಲಿ, ಗಂಟೆಗೆ 12 ಕಿ.ಮೀ.: ಸುಮಾರು 130 ವ್ಯಾಟ್
ಅದೇ ಗಾಳಿಯಲ್ಲಿ, ಗಂಟೆಗೆ 10 ಕಿ.ಮೀ.: ಸುಮಾರು 100 ವ್ಯಾಟ್
ಅದೇ ಗಾಳಿಯಲ್ಲಿ, ಗಂಟೆಗೆ 8 ಕಿ.ಮೀ.: ಸುಮಾರು 75 ವ್ಯಾಟ್
ಅದೇ ಗಾಳಿಯಲ್ಲಿ, ಗಂಟೆಗೆ 6 ಕಿ.ಮೀ.: ಸುಮಾರು 50 ವ್ಯಾಟ್

ಎಂದಿನ ವೇಗವನ್ನೇ ಕಾಯ್ದುಕೊಳ್ಳಲು ಹೊರಟರೆ ಶ್ರಮವು ಸುಮಾರು ಮೂರು ಪಟ್ಟಾಗುವುದನ್ನು ಗಮನಿಸತಕ್ಕದ್ದು. ವೇಗವನ್ನು 12ರಿಂದ 8ಕ್ಕೆ, ಅಂದರೆ ಮೂರನೇ ಒಂದು ಭಾಗದಷ್ಟು ಇಳಿಸಿದಲ್ಲಿ ಶ್ರಮವು ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ. ಆದುದರಿಂದ ಎದುರುಗಾಳಿಯಲ್ಲಿ ವೇಗವನ್ನು ಸಮನಾಗಿ ಇಟ್ಟುಕೊಳ್ಳುವ ಬದಲು ಉಸಿರಾಟವನ್ನು ಸಮನಾಗಿ ಇಟ್ಟುಕೊಳ್ಳಬೇಕು. ತುಳಿಯುತ್ತಿರುವಾಗ ಪಕ್ಕದವರೊಡನೆ ಒಂದು ಪೂರ್ಣ ವಾಕ್ಯವನ್ನು ತಡೆಯಿಲ್ಲದೆ ಆಡಲು ಸಾಧ್ಯವಾದರೆ ಶ್ರಮವು ಮಿತಿಯಲ್ಲಿದೆ ಎಂದು ತಿಳಿಯಬಹುದು. ಎರಡು ಮೂರು ಪದಗಳಿಗೇ ಉಸಿರು ಕಟ್ಟಿದಲ್ಲಿ ಕೂಡಲೇ ವೇಗ ತಗ್ಗಿಸಬೇಕು.

ಹೋಗುವಾಗ ಎದುರಾದ ಗಾಳಿ ಬರುವಾಗ ಬೆನ್ನಿಗಿರುವುದರಿಂದ ಲೆಕ್ಕ ಸರಿಹೋಗುತ್ತದೆ ಎಂಬ ಭಾವನೆ ಸರಿಯಲ್ಲ. ಗಾಳಿ ಇಲ್ಲದ ದಿನ 10 ಕಿಲೋಮೀಟರ್ ಹೋಗಿ ಬರಲು ಗಂಟೆಗೆ 12 ಕಿಲೋಮೀಟರಿನಂತೆ 1 ಗಂಟೆ 40 ನಿಮಿಷ ಸಾಕು. ಅದೇ ಶ್ರಮದಲ್ಲಿ ಮೇಲ್ಕಂಡ ಗಾಳಿಯ ದಿನ ಹೋಗಲು ಸುಮಾರು 1 ಗಂಟೆ 40 ನಿಮಿಷವೂ, ಬರಲು ಸುಮಾರು 35 ನಿಮಿಷವೂ ಹಿಡಿದು, ಒಟ್ಟು 2 ಗಂಟೆ 15 ನಿಮಿಷಗಳಾಗುತ್ತವೆ. ಕಚೇರಿಯ ವೇಳೆಗೆ ತಲುಪಬೇಕಾದವರು ಈ ಹೆಚ್ಚುವರಿ ಸಮಯವನ್ನು ಮೊದಲೇ ಲೆಕ್ಕಕ್ಕೆ ತೆಗೆದುಕೊಂಡು ಮನೆ ಬಿಡುವುದು ಸೂಕ್ತ. ತಡವಾಯಿತೆಂಬ ಆತಂಕವೇ ಬಹಳಷ್ಟು ಮಂದಿ ಮಿತಿಮೀರಿ ತುಳಿಯಲು ಕಾರಣವಾಗುತ್ತದೆ.

6. ಕುಳಿತುಕೊಳ್ಳುವ ಭಂಗಿ, ಉಡುಪು ಮತ್ತು ಹೊರೆ

ಸಾಮಾನ್ಯ ಸೈಕಲ್ಲಿನಲ್ಲಿ ಸವಾರನು ನೆಟ್ಟಗೆ ಕುಳಿತಾಗ ಎದೆ ಮತ್ತು ಹೊಟ್ಟೆ ಗಾಳಿಗೆ ಪೂರ್ತಿಯಾಗಿ ಒಡ್ಡಿಕೊಂಡಿರುತ್ತವೆ. ಪಂದ್ಯದ ಸವಾರರಂತೆ ಪೂರ್ತಿ ಬಾಗುವುದು ಹೊಟ್ಟೆ ದಪ್ಪಗಿರುವವರಿಗೆ ಸೂಕ್ತವಲ್ಲ. ಹಾಗೆ ಬಾಗಿದಾಗ ಹೊಟ್ಟೆ ಒತ್ತಲ್ಪಟ್ಟು ಉಸಿರು ಸಾಲದಾಗುತ್ತದೆ ಮತ್ತು ತೊಡೆಗಳು ಹೊಟ್ಟೆಗೆ ತಾಗುತ್ತವೆ. ಬದಲಾಗಿ ಮೊಣಕೈಗಳನ್ನು ಮಡಿಸಿ ಮೈಗೆ ಹತ್ತಿರ ತರುವುದು, ಭುಜಗಳನ್ನು ಸಡಿಲಬಿಟ್ಟು ತಲೆಯನ್ನು ತುಸು ತಗ್ಗಿಸುವುದು, ಮೊಣಕಾಲುಗಳು ಹೊರಕ್ಕೆ ಚಾಚದಂತೆ ನೋಡಿಕೊಳ್ಳುವುದು ಸಾಕು. ಇಷ್ಟರಿಂದಲೇ ಶ್ರಮದಲ್ಲಿ ಸುಮಾರು ಹತ್ತನೇ ಒಂದು ಭಾಗ ಉಳಿಯುತ್ತದೆ. ದೃಷ್ಟಿ ಸದಾ ರಸ್ತೆಯ ಮೇಲಿರಬೇಕು.

ಗಾಳಿಗೆ ಉಬ್ಬುವ ಉಡುಪು ಹಾಯಿಪಟದಂತೆ ವರ್ತಿಸುತ್ತದೆ. ಗುಂಡಿ ಹಾಕದ ಅಂಗಿ, ಸಡಿಲವಾದ ಮಳೆಕೋಟು, ಹೆಗಲ ಮೇಲಿನ ಟವೆಲ್ಲು ಇವುಗಳನ್ನು ಕಟ್ಟಿಕೊಳ್ಳಬೇಕು ಇಲ್ಲವೇ ತೆಗೆದಿಡಬೇಕು. ಪಂಚೆಯನ್ನು ಎತ್ತಿ ಬಿಗಿಯಾಗಿ ಕಟ್ಟುವುದು, ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸುವುದು, ದುಪಟ್ಟಾವನ್ನು ಹಿಂದೆ ಗಂಟು ಹಾಕುವುದು ಶ್ರಮ ಉಳಿಸುವುದಲ್ಲದೆ, ಬಟ್ಟೆ ಚಕ್ರಕ್ಕೂ ಚೈನಿಗೂ ಸಿಕ್ಕಿಕೊಳ್ಳದಂತೆ ಕಾಪಾಡುತ್ತದೆ. ಒಂದು ಕೈಯಲ್ಲಿ ಕೊಡೆ ಹಿಡಿದು ಗಾಳಿಯಲ್ಲಿ ಸೈಕಲ್ ನಡೆಸುವುದು ಅಪಾಯಕರ.

ಹೊರೆಯ ವಿಷಯದಲ್ಲಿ ಅದರ ತೂಕದಷ್ಟೇ ಅದನ್ನು ಇರಿಸುವ ಜಾಗವೂ ಮುಖ್ಯ. ಕ್ಯಾರಿಯರ್ ಮೇಲೆ ಸವಾರನ ಬೆನ್ನ ಹಿಂದೆ ಕಟ್ಟಿದ ಚೀಲವು ಗಾಳಿಯ ತಡೆಯನ್ನು ಹೆಚ್ಚೇನೂ ಏರಿಸುವುದಿಲ್ಲ. ಅದೇ ತೂಕವನ್ನು ಹ್ಯಾಂಡಲ್ಲಿನ ಎರಡೂ ಬದಿಗೆ ತೂಗುಹಾಕಿದರೆ ಇಲ್ಲವೇ ಹಸಿಹುಲ್ಲಿನ ಹೊರೆಯನ್ನು ಅಡ್ಡಲಾಗಿ ಕಟ್ಟಿದರೆ, ಮೈಯ ಹರವು ಹೆಚ್ಚಿ ದೇಹತೂಕಕ್ಕಿಂತ ದೊಡ್ಡ ತೊಡಕು ಉಂಟಾಗುತ್ತದೆ.

ಇಬ್ಬರು ಮೂವರು ಒಟ್ಟಿಗೆ ಹೋಗುವಾಗ ಒಬ್ಬರ ಹಿಂದೊಬ್ಬರು ಸಾಲಾಗಿ ಸಾಗಿದರೆ ಹಿಂದಿನವರಿಗೆ ಗಾಳಿಯ ಮರೆ ದೊರೆಯುತ್ತದೆ. ನಡುವೆ ಒಂದು ಸೈಕಲ್ಲಿನಷ್ಟು ಅಂತರ ಬಿಟ್ಟು, ಆಗಾಗ್ಗೆ ಮುಂದಿನವರು ಹಿಂದಕ್ಕೆ ಬರುವುದು ನ್ಯಾಯ. ದಪ್ಪ ಶರೀರದವರು ಮುಂದಿರುವಾಗ ಹಿಂದಿನವರಿಗೆ ಸಿಗುವ ಮರೆಯೂ ದೊಡ್ಡದು. ಆದರೆ ಟ್ರ್ಯಾಕ್ಟರ್, ಲಾರಿ ಇತ್ಯಾದಿ ವಾಹನಗಳ ಹಿಂದೆ ಮರೆಗಾಗಿ ಅಂಟಿಕೊಂಡು ಹೋಗಕೂಡದು.

7. ಸೈಕಲ್ಲಿನ ಸಿದ್ಧತೆ

(ಅ) ಗೇರ್: ಗೇರ್ ಇರುವ ಸೈಕಲ್ಲಿನಲ್ಲಿ ಗಾಳಿ ಎದುರಾಗುವ ಮೊದಲೇ ಹಗುರವಾದ ಗೇರಿಗೆ ಬದಲಾಯಿಸಿ, ಪೆಡಲನ್ನು ನಿಧಾನವಾಗಿ ಒತ್ತಿ ತುಳಿಯುವ ಬದಲು ಹಗುರವಾಗಿ, ಚುರುಕಾಗಿ ತಿರುಗಿಸಬೇಕು. ಇದರಿಂದ ಮೊಣಕಾಲಿನ ಮೇಲೆ ಬೀಳುವ ಭಾರ ಕಡಿಮೆಯಾಗುತ್ತದೆ. ಗೇರ್ ಇಲ್ಲದ ಸೈಕಲ್ಲಿನಲ್ಲಿ ಹಿಂದಿನ ಫ್ರೀವೀಲ್ ಅನ್ನು ಹೆಚ್ಚು ಹಲ್ಲಿನದಕ್ಕೆ, ಉದಾಹರಣೆಗೆ 18ರ ಬದಲು 20 ಅಥವಾ 22 ಹಲ್ಲಿನದಕ್ಕೆ, ಸೈಕಲ್ ಶಾಪಿನಲ್ಲಿ ಬದಲಾಯಿಸಿಕೊಳ್ಳಬಹುದು. ಅಗತ್ಯವಿದ್ದಲ್ಲಿ ಚೈನನ್ನೂ ಸರಿಹೊಂದಿಸಬೇಕಾಗುತ್ತದೆ.

(ಆ) ಚಕ್ರ: ಸಾಮಾನ್ಯ ಸೈಕಲ್ಲಿನಲ್ಲಿ ಮುಂದಿನ ಚಕ್ರಕ್ಕೆ 32, ಹಿಂದಿನ ಚಕ್ರಕ್ಕೆ 40 ಕಡ್ಡಿಗಳಿರುವುದು ವಾಡಿಕೆ. ಭಾರದ ಹೆಚ್ಚಿನ ಪಾಲು ಹಿಂದಿನ ಚಕ್ರದ ಮೇಲೆ ಬೀಳುವುದೇ ಇದಕ್ಕೆ ಕಾರಣ. ಸಡಿಲವಾದ ಅಥವಾ ಮುರಿದ ಕಡ್ಡಿಗಳನ್ನು ಕೂಡಲೇ ಸರಿಪಡಿಸಿಕೊಳ್ಳಬೇಕು.

(ಇ) ಟಯರ್: ಟಯರಿನ ಮಗ್ಗುಲಲ್ಲಿ ಮುದ್ರಿಸಿರುವ ಮಿತಿಯೊಳಗೆ ಗಾಳಿಯನ್ನು ಗಟ್ಟಿಯಾಗಿ ತುಂಬಿಸಬೇಕು. ಗಾಳಿ ಕಡಿಮೆಯಿರುವ ಟಯರು ಭಾರದ ಸವಾರನ ಶ್ರಮವನ್ನು ಹೆಚ್ಚಿಸುತ್ತದೆ ಮತ್ತು ಟ್ಯೂಬು ರಿಮ್ಮಿಗೆ ಸಿಕ್ಕಿ ತೂತಾಗುತ್ತದೆ.

(ಈ) ಸೀಟು: ಪೆಡಲ್ ಕೆಳಗಿರುವಾಗ ಕಾಲು ಬಹುತೇಕ ನೀಳವಾಗಿದ್ದು ಮೊಣಕಾಲು ತುಸುವೇ ಮಡಿಸಿರುವಂತೆ ಸೀಟಿನ ಎತ್ತರವಿರಬೇಕು. ತಗ್ಗಿದ ಸೀಟು ಮೊಣಕಾಲು ನೋವಿಗೆ ದಾರಿ.

(ಉ) ಬ್ರೇಕು: ಹಿಂಗಾಳಿಯಲ್ಲಿ ಭಾರವಾದ ಸವಾರನಿಗೆ ನಿಲ್ಲಲು ಹೆಚ್ಚು ದೂರ ಬೇಕಾಗುತ್ತದೆ. ಮಳೆಯಲ್ಲಿ ರಿಮ್ಮು ಒದ್ದೆಯಾದಾಗ ಬ್ರೇಕಿನ ಹಿಡಿತ ಇನ್ನಷ್ಟು ಕುಗ್ಗುತ್ತದೆ. ಬ್ರೇಕಿನ ರಬ್ಬರುಗಳನ್ನು ಮುಂಗಾರಿಗೆ ಮೊದಲೇ ಪರೀಕ್ಷಿಸತಕ್ಕದ್ದು.

2006-07ನೇ ಸಾಲಿನಿಂದ ಹಲವು ವರ್ಷಗಳ ಕಾಲ ಸರ್ಕಾರಿ ಮತ್ತು ಅನುದಾನಿತ ಶಾಲೆಗಳ 8ನೇ ತರಗತಿಯ ವಿದ್ಯಾರ್ಥಿಗಳಿಗೆ ಉಚಿತವಾಗಿ ವಿತರಿಸಲಾದ ಬೈಸಿಕಲ್ಲುಗಳನ್ನು ಮನೆಯ ಹಿರಿಯರು ಬಳಸುವುದಾದಲ್ಲಿ, ಅವು ಮಕ್ಕಳ ಅಳತೆಗೆ ತಕ್ಕವು ಎಂಬುದನ್ನು ನೆನಪಿಡಬೇಕು. ಭಾರಿ ಶರೀರದ ವಯಸ್ಕರಿಗೆ ದೊಡ್ಡ ಚೌಕಟ್ಟಿನ ಸೈಕಲ್ಲೇ ಸೂಕ್ತ.

8. ಹೆದ್ದಾರಿಯಲ್ಲಿ ಅಡ್ಡಗಾಳಿ: ವಿಶೇಷ ಎಚ್ಚರಿಕೆ

ಕಡೂರಿನಿಂದ ಬೀರೂರು ಮಾರ್ಗವಾಗಿ ತರೀಕೆರೆಗೆ ಹೋಗುವ ಹೆದ್ದಾರಿಯು ವಾಯವ್ಯ ದಿಕ್ಕಿಗೆ ಸಾಗುತ್ತದೆ. ಆದ್ದರಿಂದ ಮುಂಗಾರಿನ ಗಾಳಿ ಇಲ್ಲಿ ನೇರ ಎದುರಿನಿಂದ ಬಾರದೆ ಓರೆಯಾಗಿ ಬರುತ್ತದೆ. ಇದರ ಅಪಾಯ ಬೇರೆ ರೀತಿಯದು.

ತರೀಕೆರೆಯ ಕಡೆಗೆ ಹೋಗುವಾಗ ಗಾಳಿ ಎಡಗಡೆಯಿಂದ ಬಂದು ಸವಾರನನ್ನು ರಸ್ತೆಯ ನಡುವಿಗೆ, ಅಂದರೆ ವಾಹನಗಳ ಕಡೆಗೆ ತಳ್ಳುತ್ತದೆ. ರಸ್ತೆಯ ಎಡ ಅಂಚಿನಿಂದ ತೀರ ದೂರ ಸರಿಯದಂತೆ, ಎರಡೂ ಕೈಗಳಿಂದ ಹ್ಯಾಂಡಲ್ ಹಿಡಿದು ಸಾಗಬೇಕು.

ಕಡೂರಿನ ಕಡೆಗೆ ಹಿಂದಿರುಗುವಾಗ ಗಾಳಿ ಬಲಗಡೆಯಿಂದ ಬರುತ್ತದೆ. ಸವಾರನು ತನಗರಿವಿಲ್ಲದಂತೆಯೇ ಗಾಳಿಗೆ ಎದುರಾಗಿ ಬಲಕ್ಕೆ ವಾಲಿಕೊಂಡು ಹೋಗುತ್ತಿರುತ್ತಾನೆ. ಆಗ ಬಲಬದಿಯಲ್ಲಿ ಲಾರಿ ಅಥವಾ ಬಸ್ಸು ಹಾದುಹೋದರೆ ಗಾಳಿ ಫಕ್ಕನೆ ನಿಲ್ಲುತ್ತದೆ ಮತ್ತು ವಾಲಿದ್ದ ಸವಾರನು ಆ ವಾಹನದ ಕಡೆಗೇ ಎಳೆದುಕೊಂಡಂತೆ ಸರಿಯುತ್ತಾನೆ. ವಾಹನ ದಾಟಿದ ಕ್ಷಣದಲ್ಲಿ ಗಾಳಿ ಮತ್ತೆ ಬಡಿದು ಎಡಕ್ಕೆ ತಳ್ಳುತ್ತದೆ. ಹಿಂದಿನಿಂದ ದೊಡ್ಡ ವಾಹನದ ಸದ್ದು ಕೇಳಿದೊಡನೆ ವೇಗ ತಗ್ಗಿಸಿ, ಎಡಕ್ಕೆ ಸಾಕಷ್ಟು ಜಾಗ ಮಾಡಿಕೊಂಡು, ಅಗತ್ಯವೆನಿಸಿದರೆ ಇಳಿದು ನಿಲ್ಲುವುದು ಸುರಕ್ಷಿತ. ಗಾಳಿಯ ಸದ್ದಿನಲ್ಲಿ ಹಾರನ್ ಕೇಳದೇ ಹೋಗಬಹುದಾದ್ದರಿಂದ ಕಿವಿಗೆ ಬಟ್ಟೆ ಸುತ್ತಿಕೊಂಡು ಅಥವಾ ಇಯರ್‌ಫೋನ್ ಹಾಕಿಕೊಂಡು ಹೋಗಬಾರದು. ಅಡ್ಡಗಾಳಿಯಲ್ಲಿ ಹಗುರ ಮೈಯವರಿಗಿಂತ ತೂಕದವರು ಹೆಚ್ಚು ಸ್ಥಿರವಾಗಿರುತ್ತಾರೆ ಎಂಬುದು ನಿಜ. ಆದರೂ ಮೇಲಿನ ಎಚ್ಚರಿಕೆ ಎಲ್ಲರಿಗೂ ಅನ್ವಯಿಸುತ್ತದೆ.

9. ಗಾಳಿಯ ಬಲವನ್ನು ಕಣ್ಣಳತೆಯಲ್ಲಿ ಗುರುತಿಸುವುದು

ಹವಾಮಾನ ವರದಿಯಲ್ಲಿ ತಿಳಿಸುವ ಗಾಳಿಯ ವೇಗವನ್ನು ನೆಲದಿಂದ 10 ಮೀಟರ್ ಎತ್ತರದಲ್ಲಿ ಅಳೆಯಲಾಗುತ್ತದೆ. ಸವಾರನ ಎತ್ತರದಲ್ಲಿ ಅದು ಇನ್ನೂ ಕಡಿಮೆಯಿರುತ್ತದೆ. ಹೊರಡುವ ಮುನ್ನ ಈ ಕುರುಹುಗಳನ್ನು ಗಮನಿಸಬಹುದು:

ಗಂಟೆಗೆ 20ರಿಂದ 28 ಕಿ.ಮೀ.: ಧೂಳು ಮತ್ತು ಕಾಗದದ ಚೂರುಗಳು ಮೇಲೇಳುತ್ತವೆ, ಸಣ್ಣ ಕೊಂಬೆಗಳು ಅಲುಗುತ್ತವೆ. ನಿಧಾನವಾಗಿ ಸಾಗಬಹುದು.
ಗಂಟೆಗೆ 29ರಿಂದ 38 ಕಿ.ಮೀ.: ಸಣ್ಣ ಗಿಡಮರಗಳು ತೂಗಾಡುತ್ತವೆ, ಕೆರೆಯ ನೀರಿನಲ್ಲಿ ನೊರೆಗಟ್ಟಿದ ಕಿರುಅಲೆಗಳು ಏಳುತ್ತವೆ. ಅಲ್ಪ ದೂರದ ಪ್ರಯಾಣ ಮಾತ್ರ ಸೂಕ್ತ.
ಗಂಟೆಗೆ 39ರಿಂದ 49 ಕಿ.ಮೀ.: ದೊಡ್ಡ ಕೊಂಬೆಗಳು ಆಡುತ್ತವೆ, ತಂತಿಗಳು ಶಿಳ್ಳೆ ಹಾಕುತ್ತವೆ, ಕೊಡೆ ಹಿಡಿಯುವುದು ಕಷ್ಟ. ಸವಾರಿಯನ್ನು ಮುಂದೂಡುವುದು ಲೇಸು.
ಗಂಟೆಗೆ 50 ಕಿ.ಮೀ. ಮತ್ತು ಮೇಲ್ಪಟ್ಟು: ಇಡೀ ಮರಗಳೇ ಆಡುತ್ತವೆ, ಎದುರಿಗೆ ನಡೆಯುವುದೂ ಪ್ರಯಾಸ. ಸೈಕಲ್ ತರಕೂಡದು. ತೆಂಗಿನ ಮರ ಮತ್ತು ವಿದ್ಯುತ್ ತಂತಿಗಳ ಕೆಳಗೆ ನಿಲ್ಲಕೂಡದು.

ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವು ಹೋಬಳಿ ಮಟ್ಟದಲ್ಲಿ ಸ್ಥಾಪಿಸಿರುವ ಹವಾಮಾನ ಕೇಂದ್ರಗಳು ಮಳೆಯೊಡನೆ ಗಾಳಿಯ ವೇಗ ಮತ್ತು ದಿಕ್ಕನ್ನೂ ದಾಖಲಿಸುತ್ತವೆ. ಭಾರತೀಯ ಹವಾಮಾನ ಇಲಾಖೆಯ ಮುನ್ಸೂಚನೆಯನ್ನೂ ನೋಡಿಕೊಳ್ಳಬಹುದು.

10. ಆರೋಗ್ಯಕ್ಕೆ ಸಂಬಂಧಿಸಿದ ಸೂಚನೆಗಳು

ಭಾರತೀಯರಿಗಾಗಿ 2009ರಲ್ಲಿ ಪ್ರಕಟವಾದ ತಜ್ಞರ ಮಾರ್ಗಸೂಚಿಯಂತೆ ದೇಹತೂಕ ಸೂಚ್ಯಂಕವು 23 ಮತ್ತು ಮೇಲ್ಪಟ್ಟಿದ್ದಲ್ಲಿ ಅಧಿಕ ತೂಕವೆಂದೂ, 25 ಮತ್ತು ಮೇಲ್ಪಟ್ಟಿದ್ದಲ್ಲಿ ಬೊಜ್ಜು ಎಂದೂ ಪರಿಗಣಿಸಲಾಗುತ್ತದೆ. 165 ಸೆಂಟಿಮೀಟರ್ ಎತ್ತರದವರಿಗೆ 25ರ ಸೂಚ್ಯಂಕವೆಂದರೆ ಸುಮಾರು 68 ಕಿಲೋ. ಈ ವರ್ಗದಲ್ಲಿ ರಕ್ತದೊತ್ತಡ ಮತ್ತು ಮಧುಮೇಹದ ಸಾಧ್ಯತೆ ಹೆಚ್ಚಿರುವುದರಿಂದ, 30 ವರ್ಷ ಮೇಲ್ಪಟ್ಟವರು ಗಾಳಿಯ ದಿನಗಳಲ್ಲಿ ದೂರದ ಸವಾರಿ ಆರಂಭಿಸುವ ಮೊದಲು ಸಮೀಪದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ತಪಾಸಣೆ ಮಾಡಿಸಿಕೊಳ್ಳುವುದು ಒಳ್ಳೆಯದು.

ಗಾಳಿಗೆ ಬೆವರು ಬೇಗ ಆರುವುದರಿಂದ ಮೈ ನೀರು ಕಳೆದುಕೊಳ್ಳುತ್ತಿರುವುದು ತಿಳಿಯುವುದಿಲ್ಲ. ಬಾಯಾರಿಕೆಗೆ ಕಾಯದೆ ಆಗಾಗ್ಗೆ ನೀರು ಕುಡಿಯಬೇಕು. ಮಧುಮೇಹಕ್ಕೆ ಇನ್ಸುಲಿನ್ ಅಥವಾ ಮಾತ್ರೆ ತೆಗೆದುಕೊಳ್ಳುವವರು ಖಾಲಿ ಹೊಟ್ಟೆಯಲ್ಲಿ ಹೊರಡಬಾರದು. ಬೆಲ್ಲ ಅಥವಾ ಸಕ್ಕರೆಯನ್ನು ಜೊತೆಯಲ್ಲಿ ಇಟ್ಟುಕೊಂಡಿರಬೇಕು. ಧೂಳಿನಿಂದ ಕಣ್ಣನ್ನು ಕಾಪಾಡಲು ಕನ್ನಡಕ ಧರಿಸುವುದು ಸೂಕ್ತ.

ಎದೆಯಲ್ಲಿ ನೋವು ಅಥವಾ ಬಿಗಿತ, ಎಡಗೈಗೆ ಇಲ್ಲವೇ ದವಡೆಗೆ ಹರಡುವ ನೋವು, ತಲೆಸುತ್ತು, ನಿಂತರೂ ಇಳಿಯದ ಏದುಸಿರು ಕಂಡುಬಂದಲ್ಲಿ ತಕ್ಷಣ ಸವಾರಿ ನಿಲ್ಲಿಸಿ, ಗಾಳಿಯ ಮರೆಯಲ್ಲಿ ಕುಳಿತು 108 ಅಥವಾ 112ಕ್ಕೆ ಕರೆ ಮಾಡತಕ್ಕದ್ದು. ಊರು ಇನ್ನೇನು ಹತ್ತಿರವಿದೆ ಎಂದು ತುಳಿಯುವುದನ್ನು ಮುಂದುವರಿಸಕೂಡದು.

11. ಕಚೇರಿಗೆ ಬರುವ ಮುನ್ನ

ಎದುರುಗಾಳಿಯ ಪ್ರಯಾಣಗಳಲ್ಲಿ ಅತಿ ಸುಲಭವಾದದ್ದು ಮಾಡಬೇಕಾಗಿಯೇ ಇಲ್ಲದ ಪ್ರಯಾಣ. ಅಜ್ಜಂಪುರವು ತರೀಕೆರೆ ತಾಲ್ಲೂಕಿನಲ್ಲಿದ್ದಾಗ ಅಜ್ಜಂಪುರ ಮತ್ತು ಶಿವನಿ ಹೋಬಳಿಗಳವರು ತಾಲ್ಲೂಕು ಕಚೇರಿಯ ಕೆಲಸಕ್ಕಾಗಿ ಪಶ್ಚಿಮಕ್ಕೆ, ಗಾಳಿಗೆ ಎದುರಾಗಿಯೇ ಹೋಗಬೇಕಾಗಿತ್ತು. 2017-18ನೇ ಸಾಲಿನ ಆಯವ್ಯಯದಲ್ಲಿ ಘೋಷಿಸಲಾದ ಹೊಸ ತಾಲ್ಲೂಕುಗಳಲ್ಲಿ ಅಜ್ಜಂಪುರವೂ ಒಂದಾದ ಮೇಲೆ ಆ ದಾರಿ ತಗ್ಗಿದೆ. ಜಾತಿ, ಆದಾಯ, ವಾಸಸ್ಥಳ ಮುಂತಾದ ಪ್ರಮಾಣಪತ್ರಗಳಿಗೆ ಆಯಾ ಹೋಬಳಿಯ ನಾಡಕಚೇರಿಯಲ್ಲಿರುವ ಅಟಲ್‌ಜೀ ಜನಸ್ನೇಹಿ ಕೇಂದ್ರದಲ್ಲಿಯೇ ಅರ್ಜಿ ಸಲ್ಲಿಸಬಹುದು. ಸಕಾಲ ವ್ಯಾಪ್ತಿಯ ಸೇವೆಗಳಿಗೆ ನೀಡುವ ಸ್ವೀಕೃತಿಯಲ್ಲಿನ ಜಿ.ಎಸ್.ಸಿ. ಸಂಖ್ಯೆಯ ಮೂಲಕ ಅರ್ಜಿಯ ಸ್ಥಿತಿಯನ್ನು ಮನೆಯಿಂದಲೇ ತಿಳಿಯಬಹುದಾಗಿದ್ದು, ಅದಕ್ಕಾಗಿ ಮತ್ತೆ ಬರುವ ಅಗತ್ಯವಿಲ್ಲ. ಗಾಳಿ ವಿಪರೀತವಾಗಿರುವ ದಿನ ಬಸ್ಸಿನಲ್ಲಿ ಬರುವುದು ಲೇಸು. 2023ರ ಜೂನ್ 11ರಂದು ಜಾರಿಗೆ ಬಂದ ಶಕ್ತಿ ಯೋಜನೆಯು ಮಹಿಳೆಯರಿಗೆ ಸರ್ಕಾರಿ ಸಾಮಾನ್ಯ ಬಸ್ಸುಗಳಲ್ಲಿ ಉಚಿತ ಪ್ರಯಾಣ ಕಲ್ಪಿಸಿದೆ.

12. ಪದೇ ಪದೇ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ತೂಕ ಇಳಿಸಿಕೊಂಡರೆ ಎದುರುಗಾಳಿಯ ಕಷ್ಟ ನೀಗುತ್ತದೆಯೇ?
ಉತ್ತರ: ಏರಿನಲ್ಲಿ ಬಹಳಷ್ಟು, ಎದುರುಗಾಳಿಯಲ್ಲಿ ಸ್ವಲ್ಪ ಮಟ್ಟಿಗೆ. ತೂಕ ಇಳಿಸುವುದು ಆರೋಗ್ಯದ ದೃಷ್ಟಿಯಿಂದ ಅಪೇಕ್ಷಣೀಯ. ಆದರೆ ಅಲ್ಲಿಯವರೆಗೆ ಸವಾರಿ ಬಿಡಬೇಕಾಗಿಲ್ಲ.

ಪ್ರಶ್ನೆ: ಗೇರ್ ಇಲ್ಲದ ಸೈಕಲ್ಲಿನಲ್ಲಿ ಎಷ್ಟು ನಿಧಾನವಾಗಿ ಹೋಗಬಹುದು?
ಉತ್ತರ: ಗಂಟೆಗೆ ಸುಮಾರು 8 ಕಿಲೋಮೀಟರಿಗಿಂತ ಕೆಳಗೆ ಪೆಡಲ್ ತೀರ ಗಡುಸಾಗಿ ಮೊಣಕಾಲಿಗೆ ಹೊರೆಯಾಗುತ್ತದೆ. ಆಗ ಇಳಿದು ಸೈಕಲ್ ತಳ್ಳಿಕೊಂಡು ನಡೆಯುವುದು ಸೂಕ್ತ. ನಡಿಗೆಯ ವೇಗ ಗಂಟೆಗೆ 4ರಿಂದ 5 ಕಿಲೋಮೀಟರ್ ಇರುವುದರಿಂದ ಬಹಳ ಸಮಯವೇನೂ ನಷ್ಟವಾಗುವುದಿಲ್ಲ. ಇದರಲ್ಲಿ ನಾಚಿಕೊಳ್ಳುವಂಥದ್ದೂ ಏನಿಲ್ಲ.

ಪ್ರಶ್ನೆ: ಎದ್ದು ನಿಂತು ತುಳಿಯಬಹುದೇ?
ಉತ್ತರ: ಎದುರುಗಾಳಿಯಲ್ಲಿ ಕೂಡದು. ನಿಂತಾಗ ಇಡೀ ಮೈ ಗಾಳಿಗೆ ಒಡ್ಡಿಕೊಂಡು ತಡೆ ಹೆಚ್ಚುತ್ತದೆ. ಭಾರವೆಲ್ಲ ಒಂದೇ ಪೆಡಲಿನ ಮೇಲೆ ಬೀಳುತ್ತದೆ.

ಪ್ರಶ್ನೆ: ದಾರಿಯಲ್ಲಿ ಎಷ್ಟು ಬಾರಿ ವಿಶ್ರಮಿಸಬೇಕು?
ಉತ್ತರ: ಹೊಸಬರು 15ರಿಂದ 20 ನಿಮಿಷಕ್ಕೊಮ್ಮೆ ತೋಟದ ಅಥವಾ ಕಟ್ಟಡದ ಮರೆಯಲ್ಲಿ ನಿಲ್ಲುವುದು ಒಳ್ಳೆಯದು. ಬಟಾಬಯಲಿನಲ್ಲಿ ನಿಂತರೆ ಬೆವರಿದ ಮೈಗೆ ಚಳಿ ಹಿಡಿಯುತ್ತದೆ.

ಗಾಳಿ ಬಂದಾಗ ತೂರಿಕೋ ಎಂಬ ಗಾದೆಯು ಕಣದಲ್ಲಿ ರಾಶಿ ಮಾಡುವವರಿಗೆ ಹೇಳಿದ ಮಾತು. ಗಾಳಿಗೆ ಎದುರಾಗಿ ಸಾಗಬೇಕಾದ ಸವಾರರು ಮೈ ತಗ್ಗಿಸಿ, ವೇಗ ತಗ್ಗಿಸಿ, ಸಮಯವನ್ನು ಹೆಚ್ಚಿಸಿಕೊಂಡು ಹೊರಡುವಂತೆ ಕೋರಲಾಗಿದೆ.